ಲೇಯಾಳ ಹತ್ತಿರ ಕುಳಿತವರು

ಸತ್ತವರ ಬಗ್ಗೆ ಜನ ಹೇಳುವ ಕತೆಗಳನ್ನು ನಾನು ಎಂದೂ ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಜಮಖಂಡಿಯಲ್ಲಿ ನಮ್ಮದೊಂದು ಔಷಧಿ ಅಂಗಡಿ ಇದೆ. ಅಲ್ಲಿ ಕೂತವರ ಕಿವಿಗೆ ಇಂಥ ಕತೆಗಳು ದಿನಕ್ಕೊಂದು ಬೀಳುತ್ತವೆ. ತೀರಿಹೋದ ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಸರಿಸಿದ್ದನ್ನು ಒಬ್ಬರು ಹೇಳಿದರೆ, ಗಂಡನ ಕೆಮ್ಮು ಇನ್ನೂ ಪಡಸಾಲೆಯಲ್ಲಿ ಕೇಳುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ನಾನು ಹೂಂಗುಟ್ಟಿ ಮುಂದಿನವರ ಚೀಟಿ ಕೈಗೆ ತೆಗೆದುಕೊಳ್ಳುತ್ತಿದ್ದೆ. ನಿದ್ದೆಯಿಲ್ಲದ ಕಣ್ಣು, ಸೋತ ಮೈ, ಇನ್ನೇನು ಎಂದು ನನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದೆ.

ನಾನು ಹುಟ್ಟಿದ ಮನೆಯಲ್ಲೂ ಅಂಥ ನಂಬಿಕೆಗಳಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ನಾವು. ಹೋದವರು ಲಿಂಗದಲ್ಲಿ ಬೆರೆತು ಹೋದರು, ತಿರುಗಿ ಬರುವ ಮಾತಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅವ್ವ ತೀರಿಕೊಂಡಾಗ ಅವಳು ಕನಸಿನಲ್ಲಾದರೂ ಬರಲಿ ಎಂದು ನಾನು ಬಹಳ ಆಸೆಪಟ್ಟಿದ್ದೆ. ಬರಲಿಲ್ಲ. ಅಲ್ಲಿಗೆ ಆ ವಿಷಯ ಮುಗಿಯಿತು ಎಂದುಕೊಂಡಿದ್ದೆ.

ಈಗ ಹೇಳಲಿರುವುದನ್ನು ನಾನು ಈವರೆಗೆ ಮನೆಯವರು, ಹತ್ತಿರದ ಒಬ್ಬಿಬ್ಬರ ಹೊರತು ಯಾರಿಗೂ ಹೇಳಿಲ್ಲ. ನೀವು ನಂಬಬೇಕು ಎಂಬ ಹಟವೂ ನನಗಿಲ್ಲ. ಬೇರೆಯವರು ಬಂದು ನನಗೆ ಇದನ್ನು ಹೇಳಿದ್ದರೆ ನಾನೂ ಹೂಂಗುಟ್ಟಿ ಚೀಟಿ ತೆಗೆದುಕೊಳ್ಳುತ್ತಿದ್ದೆನೇನೋ.

ನನ್ನ ತವರು ರಬಕವಿ. ನಮ್ಮ ಮನೆಗೆ ಹೊಂದಿಕೊಂಡ ಮನೆಯಲ್ಲಿ ಒಂದು ಯೆಹೂದಿ ಕುಟುಂಬವಿತ್ತು. ಊರಿಗೆಲ್ಲ ಅದೊಂದೇ. ಕೊಂಕಣದ ಕಡಲತೀರದಲ್ಲಿ ತಲೆಮಾರುಗಳಿಂದ ಎಣ್ಣೆ ಗಾಣ ನಡೆಸಿಕೊಂಡು ಬಂದ ಯೆಹೂದಿಗಳ ಪೈಕಿ ಅವರು. ಮನೆಯಲ್ಲಿ ಮರಾಠಿ, ಹೊರಗೆ ನಮ್ಮ ಕನ್ನಡ. ಶನಿವಾರ ಗಾಣ ನಿಲ್ಲಿಸುತ್ತಿದ್ದರಂತೆ, ಅದಕ್ಕೇ ಅಲ್ಲಿನ ಜನ ಅವರನ್ನು ಶನಿವಾರದ ಗಾಣಿಗರೆಂದು ಕರೆಯುತ್ತಿದ್ದರಂತೆ. ಮನೆಯ ಯಜಮಾನ ಸ್ಯಾಮಸನ್ ನೂಲಿಗೆ ಬಣ್ಣ ಹಾಕುವ ಕೆಲಸ ಬಲ್ಲವರು. ಬನಹಟ್ಟಿಯ ಬಣ್ಣದ ಮನೆಯೊಂದಕ್ಕೆ ಕೆಲಸಕ್ಕೆಂದು ಬಂದು ಇಲ್ಲಿಯೇ ನಿಂತರು. ಊರಿನವರಿಗೆ ಅವರು ಬಣ್ಣದ ಮಾಸ್ತರ್. ಅವರ ಕೈ ಮೊಣಕೈತನಕ ನೀಲಿಯೋ ಹಸಿರೋ ಆಗಿಯೇ ಇರುತ್ತಿತ್ತು.

ಅವರ ಮಗಳು ಲೇಯಾ. ನನ್ನ ವಾರಗೆಯವಳು. ಶಾಲೆಯಲ್ಲಿ ಗುರುಗಳು ಅವಳ ಹೆಸರನ್ನು ಲೀಲಾ ಎಂದು ಬರೆದುಕೊಂಡಿದ್ದರು. ಅವಳು ತಿದ್ದಲು ಹೋಗಲಿಲ್ಲ. ಎರಡು ಹೆಸರಿದ್ದರೆ ಬೈಸಿಕೊಳ್ಳುವಾಗ ಒಂದನ್ನು ಮುಂದೆ ಮಾಡಬಹುದು ಎನ್ನುತ್ತಿದ್ದಳು. ಅವಳು ತಾಯಿಯನ್ನು ಆಯಿ ಎಂದು ಕರೆಯುತ್ತಿದ್ದಳು. ನಮ್ಮಲ್ಲಿ ಆಯಿ ಎಂದರೆ ಅಜ್ಜಿ. ಆದರೂ ನಾನು ಅವಳಂತೆಯೇ ಆಯಿ ಎನ್ನುತ್ತ ಬೆಳೆದೆ. ಅವ್ವ ಹೋದ ಮೇಲಂತೂ ನನ್ನ ತಲೆ ಬಾಚಿದವಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದವಳು ಆಯಿ.

ಎಷ್ಟೋ ರಾತ್ರಿ ನಾನು ಅವರ ಮನೆಯಲ್ಲೇ ಮಲಗುತ್ತಿದ್ದೆ. ಬೆಳಿಗ್ಗೆ ಎಚ್ಚರಾದಾಗ ಮೊದಲು ಕೇಳುತ್ತಿದ್ದುದು ಆಯಿಯ ದನಿ. ಹಾಸಿಗೆಯಿಂದ ಕಾಲು ಕೆಳಗಿಡುವ ಮುನ್ನ ಅವಳು ಹೀಬ್ರೂವಿನಲ್ಲಿ ಒಂದು ಮಾತು ಹೇಳುತ್ತಿದ್ದಳು. ಅದೇನೆಂದು ಒಮ್ಮೆ ಕೇಳಿದ್ದೆ. ಮಲಗಿದಾಗ ನಮ್ಮ ಜೀವ ದೇವರ ಹತ್ತಿರ ಹೋಗಿರುತ್ತದೆ, ಬೆಳಿಗ್ಗೆ ಅವನು ಅದನ್ನು ತಿರುಗಿ ಕೊಡುತ್ತಾನೆ, ಕೊಟ್ಟದ್ದಕ್ಕೆ ಉಪಕಾರ ಹೇಳಬೇಕಲ್ಲ ಎಂದಳು. ಹಾಗಾದರೆ ದಿನಾ ರಾತ್ರಿ ಎಲ್ಲರೂ ಸಾಯುತ್ತಾರೇನು ಎಂದು ಲೇಯಾ ನಡುವೆ ಬಾಯಿ ಹಾಕಿದಳು. ಸ್ವಲ್ಪ ಸಾಯುತ್ತೇವೆ ಎಂದು ಆಯಿ ನಕ್ಕಳು.

ನಾವು ಕಾಲೇಜಿಗೆ ಹೋಗುತ್ತಿದ್ದಾಗ ಬಣ್ಣದ ಮಾಸ್ತರ್ ತೀರಿಕೊಂಡರು. ಅವರ ಜನರ ಸ್ಮಶಾನ ಇದ್ದದ್ದು ದೂರದ ಮಹಾರಾಷ್ಟ್ರದಲ್ಲಿ. ಅವರಲ್ಲಿ ಹೆಣವನ್ನು ಬಹಳ ಹೊತ್ತು ಇಡುವಂತಿಲ್ಲ. ನಮ್ಮಂತೆ ಅವರೂ ಹೂಳುವವರೇ. ಅಪ್ಪ ನಮ್ಮ ಹೊಲದ ಮೂಡಣ ಮೂಲೆಯನ್ನು ತೋರಿಸಿ, ಇಲ್ಲೇ ಆಗಲಿ ಎಂದರು. ಆ ದಿನ ನಾನು ಅವರ ರೀತಿಗಳನ್ನು ಹತ್ತಿರದಿಂದ ಕಂಡೆ. ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿದರು. ಕನ್ನಡಿಗೆ ಬಟ್ಟೆ ಹೊದಿಸಿದರು. ದೀಪ ಹಚ್ಚಿದರು. ಹೆಣವನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಲಿಲ್ಲ. ಆಯಿ ಪಕ್ಕದಲ್ಲಿ ಕೂತು ಮೆಲ್ಲನೆ ಹೀಬ್ರೂ ಸ್ತೋತ್ರ ಹೇಳುತ್ತಿದ್ದಳು. ಪ್ರತಿ ಸಾಲಿನ ಕೊನೆಗೆ ದನಿ ಕೆಳಗಿಳಿದು, ಮೂಗಿನಿಂದ ಸಣ್ಣಗೆ ಉಸಿರೆಳೆದುಕೊಂಡು ಮುಂದಿನದಕ್ಕೆ ಹೋಗುತ್ತಿತ್ತು. ಅವಳು ಎದ್ದಾಗ ಲೇಯಾ ಕೂರುತ್ತಿದ್ದಳು.

ಯಾಕೆ ಎಂದು ಕೇಳಿದ್ದಕ್ಕೆ ಆಯಿ ಹೇಳಿದ್ದು ನನಗೆ ನೆನಪಿದೆ. "ಜೀವ ದೇಹಾ ಬಿಟ್ಟಕೂಡ್ಲೆ ದೂರ ಹೋಗೂದಿಲ್ಲ, ಮಗಳ. ಇಷ್ಟ ವರ್ಷ ಇದ್ದ ಮನಿ ಅದು. ಹೊರಗ ನಿಂತು ನೋಡತಿರತೈತಿ, ಗಾಬರಿ ಆಗಿರತೈತಿ. ಮಣ್ಣಾಗೂತನಕಾ ಜೋಡಿಗೆ ಒಬ್ಬರು ಇರಬೇಕು."

ಆಮೇಲೆ ಏಳು ದಿನ ಆ ಜೀವ ಮನೆಗೂ ಗೋರಿಗೂ ಓಡಾಡುತ್ತದಂತೆ. ಆಮೇಲೆ ದೇವರು ಅದನ್ನು ತೊಳೆದು ಹಸನು ಮಾಡುತ್ತಾನಂತೆ, ಎಂಥ ಪಾಪಿಗೂ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಗುವುದಿಲ್ಲವಂತೆ. ಕಡೆಗೊಂದು ದಿನ ಸತ್ತವರೆಲ್ಲ ತಮ್ಮ ತಮ್ಮ ದೇಹದಲ್ಲಿ ಎದ್ದು ನಿಲ್ಲುತ್ತಾರಂತೆ. ಇದನ್ನೆಲ್ಲ ಆಯಿ ಬಸ್ಸಿನ ಹೊತ್ತು ಹೇಳಿದಷ್ಟು ಸಹಜವಾಗಿ ಹೇಳಿದಳು. ಲೇಯಾ ಅತ್ತು ಕೆಂಪಾದ ಕಣ್ಣಿನಲ್ಲೇ, "ಅವಾಗ ಪಪ್ಪಾ ನೀಲಿ ಕೈಲೇ ಏಳತಾರೇನ ಆಯಿ?" ಎಂದು ಕೇಳಿದಳು. ಆಯಿ ಅಳುತ್ತ ನಕ್ಕುಬಿಟ್ಟಳು.

ಲೇಯಾ ನರ್ಸ್ ಆದಳು. ಮೊದಲು ಬೀಳಗಿ ಕಡೆ, ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿದ್ದಳು, ಆಮೇಲೆ ಮುಧೋಳದ ಒಂದು ಆಸ್ಪತ್ರೆಗೆ ಬಂದಳು. ಮದುವೆಯಾಗಲಿಲ್ಲ. ಅವರ ಜನ ಇದ್ದ ಊರಿಗೆ ಹೋಗಬೇಕಿತ್ತು, ಆಯಿ ಗಂಡನ ಗೋರಿ ಬಿಟ್ಟು ಬರಲೊಲ್ಲಳು, ಆಯಿಯನ್ನು ಬಿಟ್ಟು ಇವಳು ಹೋಗಲೊಲ್ಲಳು. ವಾರಕ್ಕೊಮ್ಮೆ ಶುಕ್ರವಾರ ಸಂಜೆಯೊಳಗೆ ರಬಕವಿಗೆ ಬಂದು ತಾಯಿಯ ಜೊತೆ ದೀಪ ಹಚ್ಚುತ್ತಿದ್ದಳು. ನಾನು ಮದುವೆಯಾಗಿ ಜಮಖಂಡಿಗೆ ಬಂದ ಮೇಲೂ ನಮ್ಮಿಬ್ಬರಲ್ಲಿ ಫೋನು ಇಲ್ಲದ ದಿನವಿರಲಿಲ್ಲ.

ಕೊರೊನಾ ಎರಡನೆಯ ಸಲ ಬಂದಾಗ ಆ ಫೋನುಗಳೆಲ್ಲ ಔಷಧಿಯವೇ ಆದವು. "ಶಕ್ಕು, ಈ ಇಂಜೆಕ್ಷನ್ ನಿಮ್ಮಲ್ಲಿ ಅದಾವೇನ, ಅಥಣಿ ಕಡೆ ಕೇಳತೀಯೇನ" ಎಂದು ಶುರುವಾದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಹಿಂದಿನ ಚಳಿಗಾಲದಲ್ಲಿ ಆಯಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ನನ್ನ ತಮ್ಮ ಈರಪ್ಪ, ಅವನ ಹೆಂಡತಿ ಗೌರವ್ವ ನೋಡಿಕೊಳ್ಳುತ್ತಿದ್ದರು. ಸೋಂಕು ತಾಗೀತೆಂದು ಲೇಯಾ ಮನೆಗೆ ಬರುವುದನ್ನೇ ಬಿಟ್ಟಳು. ಒಂದು ಮುಂಜಾನೆ ಅವಳ ಫೋನು ಬಂದಾಗ ದನಿ ಒಡೆದಿತ್ತು. ತನ್ನ ವಾರ್ಡಿನಲ್ಲಿ ತಾನೇ ಮಲಗಿದ್ದೇನೆ, ಆಯಿಗೆ ಹೇಳಬೇಡ ಎಂದಳು. ಆಮೇಲೆ ಅವಳ ದನಿ ಕೇಳಲಿಲ್ಲ. ಅವಳ ಜೊತೆಯ ನರ್ಸುಗಳು ದಿನಾ ಸುದ್ದಿ ಕೊಡುತ್ತಿದ್ದರು. ಇವತ್ತು ಪರವಾಗಿಲ್ಲ ಎಂದ ಮರುದಿನವೇ, ಬೆಳಗಾಗುತ್ತಲೇ, ಅಳುತ್ತ ಫೋನು ಮಾಡಿದರು.

ಔಷಧಿ ಅಂಗಡಿಯವರಾದ್ದರಿಂದ ನಮ್ಮ ಗಾಡಿಗೆ ಓಡಾಡುವ ಪಾಸು ಇತ್ತು. ನಾನೂ ನನ್ನ ಗಂಡ ಮಹಾದೇವರೂ ಮೊದಲು ರಬಕವಿಗೆ ಹೋದೆವು. ಆಯಿಗೆ ಫೋನಿನಲ್ಲಿ ಹೇಳಲು ನನ್ನಿಂದಾಗಲಿಲ್ಲ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತೆ. ನನ್ನ ಕಣ್ಣು ನೋಡಿಯೇ ಅವಳಿಗೆ ತಿಳಿಯಿತು. ಕೂಗಲಿಲ್ಲ. ಎದೆಯ ಮೇಲಿನ ಸೆರಗಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಹರಿದಳು. ಅದು ಅವರ ರೀತಿ ಎಂದು ನನಗೆ ಗೊತ್ತಿತ್ತು.

ಮೊದಲ ಮಾತೇ, "ಹತ್ತಿರ ಯಾರ ಅದಾರ?"

ಯಾರೂ ಇಲ್ಲ ಎಂದು ಹೇಳಬೇಕಾಯಿತು. ಆಗಿನ ಕಾನೂನು ಹಾಗಿತ್ತು. ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೋಣೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ತೊಳೆಯುವಂತಿಲ್ಲ, ಮುಟ್ಟುವಂತಿಲ್ಲ.

"ನನ್ನ ಒಯ್ಯಿರಿ" ಎಂದಳು. ಎದ್ದು ಕೂರಲು ಹೋದವಳು ನೋವಿಗೆ ಕೂಗಿಕೊಂಡು ಹಿಂದಕ್ಕೆ ಬಿದ್ದಳು. ಮತ್ತೆ ಎದ್ದಳು, ಮತ್ತೆ ಬಿದ್ದಳು. ಗೌರವ್ವ ಹಿಡಿದುಕೊಳ್ಳಬೇಕಾಯಿತು. ಆ ಮುದುಕಿಯ ಆ ಹೆಣಗಾಟವನ್ನು ಬಾಗಿಲಲ್ಲಿ ನಿಂತು ನೋಡಿದ್ದು ನನ್ನ ಜೀವಮಾನದಲ್ಲಿ ನಾನು ಕಂಡ ದೊಡ್ಡ ದುಃಖ. ಆಮೇಲೆ ನಡೆದದ್ದು ವಿಚಿತ್ರವಿರಬಹುದು, ಅಷ್ಟು ಭಯಂಕರವಲ್ಲ.

"ನಾ ಹೋಗತೇನಿ ಆಯಿ. ಮಣ್ಣಾಗೂತನಕಾ ನಾ ಕುಂದರತೇನಿ" ಎಂದೆ.

"ಒಳಗ ಕುಂದರಬೇಕವಾ, ಹೊರಗಲ್ಲ. ಅಕಿ ಹೆದರತಾಳ."

ಆಗಲಿ ಎಂದೆ. ಆಯಿ ಗೌರವ್ವನಿಂದ ಟ್ರಂಕು ತೆಗೆಸಿ ಬಿಳಿ ಬಟ್ಟೆಯೊಂದನ್ನು ಕೊಡಿಸಿದಳು. ಕೈಯಲ್ಲೇ ಹೊಲಿದದ್ದು. ತನಗೆಂದು ಇಟ್ಟುಕೊಂಡಿದ್ದ ಹೊದಿಕೆ ಅದು.

ಈರಪ್ಪ ಓಡಾಡಿ, ಮಾಸ್ತರರ ಪಕ್ಕದಲ್ಲಿ ನಮ್ಮ ಹೊಲದಲ್ಲೇ ಹೂಳಲು ಒಪ್ಪಿಗೆ ಪಡೆದ. ಆದರೆ ಹೆಣ ಸಾಗಿಸುವ ಗಾಡಿ ಸಿಕ್ಕುವುದು ಸಂಜೆಗೇ ಎಂದರು. ಅಂದು ಅಷ್ಟು ಜನ ಹೋಗಿದ್ದರು. ನಾವು ಮಹಾಲಿಂಗಪುರದ ಮೇಲೆ ಹಾಯ್ದು ಮುಧೋಳ ತಲುಪಿದಾಗ ಬಿಸಿಲು ಏರಿತ್ತು. ರಸ್ತೆಯಲ್ಲಿ ಪೊಲೀಸರ ಹೊರತು ನರಪಿಳ್ಳೆ ಇರಲಿಲ್ಲ.

ಆಸ್ಪತ್ರೆಯ ಹಿಂದೆ, ಬೇವಿನ ಮರದ ಕೆಳಗೆ, ಒಂಟಿ ಕೋಣೆ. ತಗಡಿನ ಬಾಗಿಲು. ಮೇಲೆ ಗಾಳಿಗೆಂದು ಬಿಟ್ಟ ಸಣ್ಣ ಜಾಲರಿ, ಕಿಟಕಿಯಿಲ್ಲ. ಕಾವಲಿಗೆ ಒಬ್ಬ ನಡುವಯಸ್ಸಿನವನಿದ್ದ, ತಿಮ್ಮಾಪುರದವನು, ಹಣಮಂತ ಎಂದು ಹೆಸರು. ಉಳಿದವರನ್ನೆಲ್ಲ ಬೆಳಿಗ್ಗೆಯೇ ಒಯ್ದಿದ್ದರು. ಒಳಗೆ ಲೇಯಾ ಒಬ್ಬಳೇ. ಅವಳ ಜೊತೆಯ ನರ್ಸೊಬ್ಬಳು ಮೈತುಂಬ ನೀಲಿ ಅಂಗಿ ತೊಟ್ಟು ಬಂದು, ಆಯಿ ಕೊಟ್ಟ ಬಟ್ಟೆಯನ್ನು ಒಯ್ದು ಮೇಲೆ ಹೊದಿಸಿ, ಲೇಯಾಳ ಫೋನನ್ನು ನನ್ನ ಕೈಗೆ ಕೊಟ್ಟು ಹೋದಳು. ಅದು ಆರಿಹೋಗಿತ್ತು. ನನ್ನ ಚೀಲದಲ್ಲಿಟ್ಟುಕೊಂಡೆ.

ನನ್ನನ್ನು ಒಳಗೆ ಬಿಡು ಎಂದು ಹಣಮಂತನಿಗೆ ಕೈಮುಗಿದೆ. "ಬಿಡೂ ಹಂಗಿಲ್ರಿ ಬಾಯಾರ. ಬಿಟ್ರ ನನ್ನ ಮನೀಗೆ ಕಳಸತಾರ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಹಾದೇವರು ಗಾಡಿಯ ವಿಚಾರಕ್ಕೆ ಹೋದರು. ನಾನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತೆ. ಅವರ ಸ್ತೋತ್ರ ಒಂದೂ ನನಗೆ ಬಾರದು. ಬಾಗಿಲಿಗೆ ಮುಖ ಮಾಡಿ, ನಾನಿದ್ದೇನೆ ಲೇಯಾ ಎಂದೆ. ಆಮೇಲೆ ಏನೇನೋ ಮಾತಾಡಿದೆ. ಶಾಲೆಯ ಮಾತು, ಮಾಸ್ತರರ ಮಾತು, ನಾವಿಬ್ಬರೂ ಸೈಕಲ್ ಕಲಿಯಲು ಹೋಗಿ ಬಣ್ಣದ ನೀರಿನ ಕಾಲುವೆಗೆ ಬಿದ್ದದ್ದು. ತಗಡು ಬಿಸಿಲಿಗೆ ಕಾದು ಟಿಣ್ ಟಿಣ್ ಎನ್ನುತ್ತಿತ್ತು. ಮಾತು ಮುಗಿದು ಸುಮ್ಮನೆ ಕೂತೆ.

ಹೊತ್ತು ಬಾಗಿದ ಮೇಲೆ ಇರಬೇಕು, ಒಂದು ದನಿ ಕೇಳಿಸತೊಡಗಿತು. ಮೊದಲು ಹಿಂದಿನ ಮನೆಗಳಲ್ಲಿ ಯಾರೋ ಹಾಡುತ್ತಿದ್ದಾರೆ ಎಂದುಕೊಂಡೆ. ಆದರೆ ಗೋಡೆಯ ಆಚೆ ಬರೀ ಬಯಲು. ಎದ್ದು ಕೋಣೆಯನ್ನು ಸುತ್ತಿ ಬಂದೆ. ಹಿಂದೆ ಹೋದರೆ ದನಿ ಸಣ್ಣದಾಗುತ್ತಿತ್ತು, ಬಾಗಿಲಿಗೆ ಬಂದರೆ ಸ್ಪಷ್ಟವಾಗುತ್ತಿತ್ತು. ತಗಡಿಗೆ ಕಿವಿ ಹಚ್ಚಿದೆ. ಕಿವಿ ಸುಟ್ಟಿತು. ದನಿ ಒಳಗಿನದೇ.

ಅದು ಆಯಿಯ ದನಿ. ಈ ಮಾತನ್ನು ನಾನು ಎಷ್ಟು ಯೋಚಿಸಿ ಬರೆಯುತ್ತಿದ್ದೇನೆ ಎಂಬುದು ನಿಮಗೆ ತಿಳಿಯಲಿ. ಸಾಲಿನ ಕೊನೆಗೆ ಕೆಳಗಿಳಿಯುವ ದನಿ, ಮೂಗಿನಿಂದ ಸಣ್ಣಗೆ ಎಳೆದುಕೊಳ್ಳುವ ಉಸಿರು, ಹಾಸಿಗೆ ಹಿಡಿದ ಮೇಲೆ ಅದರಲ್ಲಿ ಬಂದಿದ್ದ ಒಡಕು, ಎಲ್ಲವೂ ಇತ್ತು. ಎಳೆಯವಳಾಗಿದ್ದಾಗಿನಿಂದ ಕೇಳಿದ ದನಿಯನ್ನು ಗುರುತಿಸಲು ನನಗೆ ಕಣ್ಣು ಬೇಕಿರಲಿಲ್ಲ. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು ಅಷ್ಟೆ.

ಮರದ ಆಚೆ ಕೂತಿದ್ದ ಹಣಮಂತ ಎದ್ದು ಬಂದ. ನಾನು ಏನನ್ನೂ ಹೇಳಿರಲಿಲ್ಲ. "ಒಳಗ ಯಾರನ್ನ ಬಿಟ್ಟೀರಿ?" ಎಂದು ಗದರಿದ. ತನ್ನ ಕಣ್ಣುತಪ್ಪಿಸಿ ನಾನು ಯಾರನ್ನೋ ಹೊಗಿಸಿದ್ದೇನೆ ಎಂದು ಅವನಿಗೆ ಸಿಟ್ಟು. ಕೀಲಿ ಅವನ ಹತ್ತಿರವೇ ಇತ್ತು ಎಂಬುದು ಆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲಿಲ್ಲ. ಕೀಲಿ ತೆಗೆದು ಬೀಗಕ್ಕೆ ಹಾಕಿದ. ಕೀಲಿಯ ಸಪ್ಪಳಕ್ಕೆ ಒಳಗಿನ ದನಿ ನಿಂತಿತು.

ಇಬ್ಬರೂ ಹೊಸ್ತಿಲಲ್ಲಿ ನಿಂತು ನೋಡಿದೆವು. ಕಲ್ಲುಹಾಸಿನ ಮೇಲೆ ಲೇಯಾ. ಮೇಲೆ ಆ ಬಿಳಿ ಬಟ್ಟೆ. ಉಳಿದಂತೆ ನಾಲ್ಕು ಗೋಡೆ. ಅಡಗಲು ಒಂದು ಹಲಗೆಯೂ ಇರಲಿಲ್ಲ. ಆ ಬೇಸಿಗೆಯಲ್ಲಿ ಮುಚ್ಚಿಟ್ಟ ತಗಡಿನ ಬಾಗಿಲಿನ ಕೋಣೆ ಕುಲುಮೆಯಾಗಿರಬೇಕಿತ್ತು. ಹಾಗಿರಲಿಲ್ಲ ಎಂದು ನನಗೆ ಅನಿಸಿತು, ಆದರೆ ಇದರ ಬಗ್ಗೆ ನಾನು ಖಚಿತವಾಗಿ ಹೇಳಲಾರೆ. ಹಣಮಂತ ಬಾಗಿಲು ಹಾಕಿ ಮತ್ತೆ ಬೀಗ ಹಾಕಿದ.

ಸ್ವಲ್ಪ ಹೊತ್ತಿಗೆ ದನಿ ಮತ್ತೆ ಶುರುವಾಯಿತು.

ಹಣಮಂತ ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇನ್ನ ತೆಗೆಯೂದು ಬ್ಯಾಡ್ರಿ" ಎಂದು ಮೆಲ್ಲನೆ ಹೇಳಿ ಮರದ ಬುಡಕ್ಕೆ ಹೋಗಿ ಕೂತ.

ನಾನು ಗೌರವ್ವನಿಗೆ ಫೋನು ಮಾಡಿದೆ. ಆಯಿ ಏನು ಮಾಡುತ್ತಿದ್ದಾಳೆ ಎಂದು ಕೇಳಿದೆ. "ಮಲಗ್ಯಾಳ್ರಿ ಅಕ್ಕಾರ. ನೀವು ಹೋದಮ್ಯಾಲ ಗ್ವಾಡಿಕಡೆ ಮಾರಿ ಮಾಡಿ ಮಲಗಿದಾಕಿ, ಎಷ್ಟ ಎಬ್ಬಸಿದ್ರೂ ಏಳವಲ್ಲಳು. ಮೈಯೆಲ್ಲಾ ತಣ್ಣಗ ಆಗೇತಿ. ಉಸರ ಐತಿ, ಆದ್ರ ಹಗೂರ ಐತಿ. ನನಗ ಅಂಜಿಕಿ ಬರಾಕತ್ತೈತ್ರಿ" ಎಂದಳು. ಫೋನು ಕಿವಿಯಲ್ಲಿ ಹಿಡಿದಿದ್ದಾಗಲೂ ಬಾಗಿಲ ಒಳಗಿನಿಂದ ಆ ದನಿ ಬರುತ್ತಲೇ ಇತ್ತು. ಎಬ್ಬಿಸಬೇಡ, ಹಾಗೇ ಬಿಡು ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಔಷಧಿ ಮಾರುವವಳು ನಾನು, ಡಾಕ್ಟರಿಗೆ ಫೋನು ಮಾಡು ಎನ್ನಬೇಕಿತ್ತು.

ಗಾಡಿ ಬರುವವರೆಗೂ ಅದು ನಿಲ್ಲಲಿಲ್ಲ. ಗಾಡಿಯವರು ಮೈತುಂಬ ಅಂಗಿ ತೊಟ್ಟು, ಎಂಜಿನ್ನು ನಿಲ್ಲಿಸದೆ, ಅವಸರವಸರವಾಗಿ ಲೇಯಾಳನ್ನು ಎತ್ತಿದರು. ಮಹಾದೇವರು ಅವರ ಜೊತೆಗೇ ಬಂದಿದ್ದರು. ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ. ನಾವು ಹಿಂದೆಯೇ ರಬಕವಿಗೆ ಬಂದೆವು. ಈರಪ್ಪ ಹೊಲದಲ್ಲಿ ಕುಣಿ ತೋಡಿಸಿ ಕಾಯುತ್ತಿದ್ದ. ಕಬ್ಬಿನ ಹಿಂದೆ ಸೂರ್ಯ ಇಳಿಯುತ್ತಿದ್ದ. ಪ್ರಾರ್ಥನೆ ಹೇಳಲು ಅವರ ಜನ ಯಾರೂ ಇರಲಿಲ್ಲ. ನಾವು ಮೂವರೇ ದೂರದಿಂದ ಒಂದೊಂದು ಹಿಡಿ ಮಣ್ಣು ಎಸೆದೆವು.

ಅಲ್ಲಿಂದ ಮನೆಗೆ ಬಂದು ನಾನು ಆಯಿಯ ಬಾಗಿಲಲ್ಲಿ ನಿಂತೆ. ಅವಳು ಎದ್ದಿದ್ದಳು. ಸೂರ್ಯ ಮುಳುಗುವ ಹೊತ್ತಿಗೆ ತಾನಾಗಿಯೇ ಕಣ್ಣು ಬಿಟ್ಟಳು, ಒಂದು ತಂಬಿಗೆ ನೀರು ಕುಡಿದಳು ಎಂದು ಗೌರವ್ವ ಹೇಳಿದಳು. ಹೊಲದಲ್ಲಿ ಕುಣಿ ಮುಚ್ಚಿ ಮುಗಿದದ್ದೂ ಅದೇ ಹೊತ್ತಿಗೆ.

"ಆತೇನ?" ಎಂದಳು ಆಯಿ.

"ಆತು ಆಯಿ."

ಅವಳ ದನಿ ಕಟ್ಟಿತ್ತು, ಬಹಳ ಮಾತಾಡಿ ದಣಿದವರ ದನಿಯಂತೆ. ಆಮೇಲೆ ನನ್ನ ಕಡೆ ತಿರುಗಿ, ಬೈಯುವ ದನಿಯಲ್ಲೂ ಅಲ್ಲ, ಸುಮ್ಮನೆ ಕೇಳಿದಳು.

"ನಡುವ ಬಾಗಲಾ ಯಾಕ ತೆಗದ್ರಿ?"

ಬಾಗಿಲು ತೆಗೆದದ್ದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಗೌರವ್ವ ಏನೆಂದು ತಿಳಿಯದೆ ನಮ್ಮಿಬ್ಬರ ಮುಖ ನೋಡಿದಳು.

"ನಿಲ್ಲಸಬೇಕಾತು" ಎಂದಳು ಆಯಿ. ಆಮೇಲೆ ಮುಖ ಮುಚ್ಚಿಕೊಂಡು, ಆ ದಿನದಲ್ಲಿ ಮೊದಲ ಸಲ, ಅಳಲು ಶುರು ಮಾಡಿದಳು. ಲೇಯಾ, ಲೇಯಾ ಎಂದು ಹೆಸರು ಹಿಡಿದು ಅತ್ತಳು. ನನಗೆ ಹತ್ತಿರ ಹೋಗಿ ಹಿಡಿದುಕೊಳ್ಳುವಂತಿರಲಿಲ್ಲ. ನಾನು ಆಸ್ಪತ್ರೆಯ ಅಂಗಳದಿಂದ ಬಂದವಳು. ಹೊಸ್ತಿಲ ಮೇಲೆ ಕೂತು ನಾನೂ ಅತ್ತೆ. ಗೌರವ್ವ ಕೊಡದ ನೀರು ಚೆಲ್ಲಿ, ಕನ್ನಡಿಗೆ ಸೀರೆ ಹೊದಿಸಿ, ದೀಪ ಹಚ್ಚಿದಳು.

ಕೆಲವು ದಿನ ಬಿಟ್ಟು ಆ ಮಾತನ್ನು ಎತ್ತಿದೆ. ಆಯಿಗೆ ಅದು ನೆನಪೇ ಇರಲಿಲ್ಲ. "ನಾ ಯಾವಾಗ ಅಂದೆ?" ಎಂದಳು. ಅವತ್ತು ಏನಾದರೂ ಕನಸು ಬಿತ್ತೇನು ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಮತ್ತೆ ಕೇಳಲು ನನಗೆ ಧೈರ್ಯವಾಗಲಿಲ್ಲ.

ಆಮೇಲೆ ನಾನು ಎಲ್ಲ ರೀತಿಯಿಂದಲೂ ಯೋಚಿಸಿದ್ದೇನೆ. ಹಿಂದಿನ ರಾತ್ರಿ ನಿದ್ದೆಯಿರಲಿಲ್ಲ, ಬೆಳಿಗ್ಗೆಯಿಂದ ಅನ್ನ ನೀರಿಲ್ಲ, ತಲೆಯ ಮೇಲೆ ಬಿಸಿಲು. ಕೇಳಬೇಕೆಂದು ಆಸೆಪಟ್ಟದ್ದನ್ನು ಕಿವಿ ಕೇಳಿಸಿಕೊಂಡಿತು ಎನ್ನಬಹುದು. ಆದರೆ ಹಣಮಂತನಿಗೆ ಆ ಆಸೆ ಎಲ್ಲಿಂದ ಬಂತು? ಅವನು ಆಯಿಯನ್ನು ನೋಡಿದವನೂ ಅಲ್ಲ. ಅವನು ಕೇಳಿದ್ದು ಬೇರೇನೋ, ನಾನು ಕೇಳಿದ್ದು ಬೇರೇನೋ ಎಂದು ಮಹಾದೇವರು ಹೇಳುತ್ತಾರೆ. ಬಾಗಿಲ ಮಾತನ್ನು ಆಯಿ ಊಹಿಸಿ ಆಡಿರಬಹುದು ಎನ್ನುತ್ತಾರೆ. ಇರಬಹುದು. ಮರುವರ್ಷ ಯಾವುದೋ ಕೆಲಸಕ್ಕೆ ಮುಧೋಳಕ್ಕೆ ಹೋದಾಗ ಹಣಮಂತನನ್ನು ಹುಡುಕಿಕೊಂಡು ಹೋದೆ. ನನ್ನನ್ನು ಗುರುತು ಹಿಡಿದ. ಚಹಾ ಕುಡಿಸಿದ. ಅಂದಿನ ಮಾತು ತೆಗೆದಾಗ, "ಕೇಳಿದ್ದ ಖರೆರಿ. ಅದರ ಮ್ಯಾಲ ನನಗೇನೂ ಕೇಳಬ್ಯಾಡ್ರಿ" ಎಂದು ಎದ್ದುಬಿಟ್ಟ.

ರೈಲುಗಳು ಮತ್ತೆ ಓಡತೊಡಗಿದ ಮೇಲೆ ಆಯಿಯ ತಮ್ಮ ಠಾಣೆಯಿಂದ ತಮ್ಮ ಜನರನ್ನು ಕರೆದುಕೊಂಡು ಬಂದರು. ಸತ್ತವರಿಗಾಗಿ ಹೇಳುವ ಕಡ್ಡೀಶ್ ಪ್ರಾರ್ಥನೆಗೆ ಹತ್ತು ಜನ ಗಂಡಸರು ಬೇಕಂತೆ. ಆ ಹತ್ತೂ ಜನ ತಲೆಗೆ ಟೋಪಿ ಇಟ್ಟು ನಮ್ಮ ಹೊಲದಲ್ಲಿ ನಿಂತು ಹೇಳಿದರು. ಆಯಿಯನ್ನು ಕುರ್ಚಿಯಲ್ಲಿ ಕೂಡಿಸಿ ಎತ್ತಿಕೊಂಡು ಹೋಗಿದ್ದೆವು. ಆ ಪ್ರಾರ್ಥನೆಯಲ್ಲಿ ಸಾವಿನ ಹೆಸರೇ ಇಲ್ಲವಂತೆ, ಬರೀ ದೇವರ ಹೊಗಳಿಕೆಯಂತೆ. ಮಗಳ ಗೋರಿಯ ಮುಂದೆ ಕೂತು ಆಯಿ ಪ್ರತಿ ಹೊಗಳಿಕೆಗೂ ಆಮೆನ್ ಎಂದಳು.

ಊಟವಾದ ಮೇಲೆ ನಾನು ಆಯಿಯ ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಮಲಗಿದವರ ಜೀವ ದೇವರ ಹತ್ತಿರ ಹೋಗುವ ಬದಲು ಮಗಳ ಹತ್ತಿರ ಹೋಗಬಹುದೇ ಎಂದು ಕೇಳಿದೆ. ಹಾಗೆಂದು ತಮ್ಮ ಹಿರಿಯರು ಯಾರೂ ಹೇಳಿದ್ದನ್ನು ತಾನು ಕೇಳಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಆಗುವುದಿಲ್ಲ ಎಂದು ಹೇಳಿದ್ದನ್ನೂ ಕೇಳಿಲ್ಲ ಎಂದರು. ತನ್ನ ಜೊತೆ ಠಾಣೆಗೆ ಬಾ ಎಂದು ಅಕ್ಕನನ್ನು ಎರಡು ದಿನ ಒತ್ತಾಯ ಮಾಡಿ, ಅವಳು ಒಪ್ಪದಿದ್ದಾಗ ಅಳುತ್ತ ಹೋದರು.

ಹೋದ ವರ್ಷ ಆಯಿ ತೀರಿಕೊಂಡಳು. ಮಧ್ಯಾಹ್ನ, ನನ್ನ ಕೈ ಹಿಡಿದುಕೊಂಡೇ ಹೋದಳು. ಈ ಸಲ ತಡೆಯುವವರು ಯಾರೂ ಇರಲಿಲ್ಲ. ಗೌರವ್ವನೂ ನಾನೂ ಸೇರಿ ಅವಳ ಮೈ ತೊಳೆದೆವು. ಅವಳ ತಮ್ಮ ಠಾಣೆಯಿಂದ ಬರಬೇಕಿದ್ದುದರಿಂದ ಮರುದಿನ ಮಣ್ಣು ಎಂದಾಯಿತು. ನಾನು ಪಕ್ಕದಲ್ಲಿ ಕೂತೆ. ಗೌರವ್ವ ಎಬ್ಬಿಸಲು ಬಂದರೂ ಏಳಲಿಲ್ಲ. ಕತ್ತಲಾಗಿ ಬೆಳಕಾಯಿತು. ನನಗೆ ಬರುವ ಸ್ತೋತ್ರವಿರಲಿಲ್ಲ. ಸುಮ್ಮನೆ ಕೂತು ಕಿವಿಗೊಟ್ಟೆ. ಲೇಯಾ ಒಂದು ಮಾತು ಆಡಲಿ, ಶಕ್ಕು ಎಂದು ಒಂದು ಸಲ ಕರೆಯಲಿ ಎಂದು ಕಾದೆ. ತಾಯಿಯ ಹತ್ತಿರ ಮಗಳು ಬರದೆ ಇರುತ್ತಾಳೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಪಕ್ಕದ ಓಣಿಯಲ್ಲಿ ಮಗ್ಗಗಳು ಶುರುವಾದವು. ಹಾಲಿನವನು ಬಂದು ಹೋದ. ಬೇರೆ ಯಾವ ದನಿಯೂ ಕೇಳಿಸಲಿಲ್ಲ.